ಕೋಡೊಲೆಯಿಂದ ಗುಳಿಗೆ ಒಲೆಯವರೆಗೆ

ಅಣ್ಣತಮ್ಮಂದಿರು ಪಾಲಾದರೆ "ಒಲೆ ಬೇರೆಯಾಯಿತು" ಎನ್ನುವುದು ನಮ್ಮ ಹಳ್ಳಿಗಳ ವಾಡಿಕೆ. ಸಂಸಾರಕ್ಕೂ ಒಲೆಗೂ ಇರುವ ನಂಟು ಅಂಥದು. ಆದರೂ ಅರಮನೆ, ಗುಡಿ, ಕೆರೆಗಳ ಚರಿತ್ರೆಯನ್ನು ಬರೆದಿಟ್ಟ ನಾವು ಒಲೆಯ ಚರಿತ್ರೆಯತ್ತ ಕಣ್ಣು ಹಾಯಿಸಿದ್ದು ಕಡಮೆ. ಅದನ್ನು ತಿರುವಿ ನೋಡಿದರೆ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಹೊಸ ಒಲೆಯನ್ನು ಕಂಡುಹಿಡಿಯುವುದಕ್ಕಿಂತ ಅದನ್ನು ದಿನದಿನವೂ ಸರಿಯಾಗಿ ನೋಡಿಕೊಳ್ಳುವುದೇ ಕಷ್ಟದ ಕೆಲಸ.

ಚನ್ನರಾಯಪಟ್ಟಣದ ಸೀಮೆಯು ತೆಂಗಿನ ಸೀಮೆ. ಇಲ್ಲಿನ ಹಳೆಯ ಅಡಿಗೆಮನೆಯಲ್ಲಿ ಮಣ್ಣಿನ ದೊಡ್ಡ ಒಲೆ, ಅದರ ಪಕ್ಕಕ್ಕೊಂದು ಕೋಡೊಲೆ. ಉರುವಲಿಗೆ ತೆಂಗಿನ ಗರಿ, ಹೊಂಬಾಳೆ, ಕರಟ, ಜಾಲಿಯ ಸೌದೆ, ಬೆರಣಿ. ಹೊಗೆ ಹೋಗುವುದಕ್ಕೆ ಹೆಂಚಿನ ಸಂದು ಅಥವಾ ಬೆಳಕಿಂಡಿಯೇ ದಾರಿ. ಅಟ್ಟದ ಮೇಲಿನ ಕಾಯಿಗೂ ಸೂರಿನ ಬಿದಿರಿಗೂ ಹೊಗೆ ತಾಗಿದರೆ ಹುಳು ಹತ್ತದು ಎಂಬ ನಂಬಿಕೆಯಿದ್ದುದರಿಂದ ಹೊಗೆಯನ್ನು ಯಾರೂ ಪೂರ್ತಿ ಶತ್ರುವೆಂದು ಎಣಿಸಲಿಲ್ಲ. ಸೂರಿನಿಂದ ಇಳಿಬೀಳುವ ಇಲ್ಲಣವನ್ನು ಹಬ್ಬಕ್ಕೊಮ್ಮೆ ಹೊಡೆಯುತ್ತಿದ್ದರು. ಊದುಕೊಳವೆ ಹಿಡಿದ ಹೆಂಗಸರ ಎದೆಗೂಡಿನಲ್ಲಿ ಕಟ್ಟಿದ ಇಲ್ಲಣವನ್ನು ಹೊಡೆಯುವವರು ಮಾತ್ರ ಯಾರೂ ಇರಲಿಲ್ಲ.

ಈ ಹೊಗೆಯನ್ನು ಹೊರಗೆ ಕಳುಹಿಸಬೇಕೆಂಬ ಪ್ರಯತ್ನಕ್ಕೆ ಸ್ವಾತಂತ್ರ್ಯ ಬಂದ ಹೊಸದರಲ್ಲಿ ಬಲ ಬಂದಿತು. ಹೈದರಾಬಾದಿನ ಇಂಜಿನಿಯರಿಂಗ್ ಸಂಶೋಧನಾಲಯದ ಎಸ್. ಪಿ. ರಾಜು ಅವರು ಹೊಗೆಕೊಳವೆಯುಳ್ಳ ಮಣ್ಣಿನ ಒಲೆಯನ್ನು ರೂಪಿಸಿ, 1953ರಲ್ಲಿ ಅದರ ಕುರಿತು ಪುಸ್ತಕವನ್ನೂ ಪ್ರಕಟಿಸಿದರು. ನಮ್ಮ ರಾಜ್ಯದಲ್ಲಿ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಳಗೆ ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ "ಅಸ್ತ್ರ" ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ಹುಟ್ಟಿತು. ಬೆಂಗಳೂರಿನಿಂದ ಚನ್ನರಾಯಪಟ್ಟಣಕ್ಕೆ ಬರುವಾಗ ದಾರಿಯಲ್ಲಿ ಸಿಗುವ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮವೇ ಅದರ ಪ್ರಯೋಗಭೂಮಿ. ಅಲ್ಲಿನ ಅನುಭವದ ಫಲವಾಗಿ ಬಂದ "ಅಸ್ತ್ರ ಒಲೆ"ಯಲ್ಲಿ ಮೂರು ಪಾತ್ರೆಗೆ ಎಡೆ, ಸೌದೆಯ ಕೆಳಗೆ ಗಾಳಿಯಾಡುವ ಕಬ್ಬಿಣದ ಜಾಲರಿ, ಹಿಂದೆ ಹೊಗೆಕೊಳವೆ.

1983ರಲ್ಲಿ ಕೇಂದ್ರ ಸರ್ಕಾರವು ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. 2002ರಲ್ಲಿ ಅದು ನಿಲ್ಲುವ ಹೊತ್ತಿಗೆ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳು ಲೆಕ್ಕದ ಪುಸ್ತಕ ಸೇರಿದ್ದವು. ಅಡಿಗೆಮನೆಯಲ್ಲಿ ಉಳಿದವು ಎಷ್ಟೋ ಕಡಮೆ. ಕೊಳವೆಯಲ್ಲಿ ಮಸಿ ತುಂಬಿದರೆ ಹೊಗೆಯು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಜಾಲರಿಯ ಕೆಳಗೆ ಬೂದಿ ಕಟ್ಟಿದರೆ ಬೆಂಕಿಗೆ ಉಸಿರಿಲ್ಲ. ಬಿರುಕು ಬಿಟ್ಟ ಮಣ್ಣನ್ನು ಮೆತ್ತದಿದ್ದರೆ ಒಲೆ ಸೋರುತ್ತದೆ. ಕಟ್ಟಿಕೊಡುವುದಕ್ಕೆ ಹಣವಿತ್ತು, ವರ್ಷಕ್ಕೆರಡು ಬಾರಿ ಬಂದು ಕೊಳವೆ ಉಜ್ಜುವುದನ್ನು ಕಲಿಸುವುದಕ್ಕೆ ಜನರಿರಲಿಲ್ಲ.

ಇಷ್ಟರಲ್ಲಿ ಪೇಟೆಯ ಬಡವರು ತಾವೇ ಒಂದು ಒಲೆಯನ್ನು ನಡೆಸಿಕೊಂಡು ಬಂದಿದ್ದರು. ಅದು ಮರದ ಹೊಟ್ಟಿನ ಒಲೆ. ತಗಡಿನ ಡಬ್ಬದ ನಡುವೆ ಸೀಸೆಯನ್ನು ನಿಲ್ಲಿಸಿ, ಸುತ್ತಲೂ ಹೊಟ್ಟನ್ನು ಗಟ್ಟಿಯಾಗಿ ತುಂಬಿ, ಸೀಸೆಯನ್ನು ಮೆಲ್ಲನೆ ಎಳೆದರೆ ಗಾಳಿಗೆ ದಾರಿಯಾಯಿತು. ಹೊಟ್ಟು ಒಣಗಿರಬೇಕು, ಒಮ್ಮೆ ತುಂಬಿದ್ದು ಮುಗಿಯುವವರೆಗೆ ಮತ್ತೆ ಹಾಕಕೂಡದು. ಇವೆರಡೂ ಆ ಒಲೆಯ ಶಾಸ್ತ್ರ.

ಇದೇ ಶಾಸ್ತ್ರವು ವಿಜ್ಞಾನದ ವೇಷದಲ್ಲಿ ಮರಳಿ ಬಂದದ್ದು ಗುಳಿಗೆ ಒಲೆಯಲ್ಲಿ. ವಿಜ್ಞಾನ ಸಂಸ್ಥೆಯಲ್ಲಿ ಎಚ್. ಎಸ್. ಮುಕುಂದ ಅವರ ತಂಡವು ರೂಪಿಸಿದ ವಿನ್ಯಾಸವನ್ನು ಬಿ.ಪಿ. ಕಂಪನಿಯು 2006ರಲ್ಲಿ "ಊರ್ಜಾ" ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದಿತು. ಕಬ್ಬಿನ ಸಿಪ್ಪೆ, ಕಡಲೆಕಾಯಿ ಸಿಪ್ಪೆ ಮೊದಲಾದುವನ್ನು ಒತ್ತಿ ಮಾಡಿದ ಗುಳಿಗೆಗಳೇ ಇದರ ಉರುವಲು. ಗುಳಿಗೆಗಳನ್ನು ತುಂಬಿ ಮೇಲಿನಿಂದ ಹೊತ್ತಿಸಬೇಕು. ಬ್ಯಾಟರಿಯ ಪುಟ್ಟ ಫ್ಯಾನು ಕೆಳಗಿನಿಂದ ಸ್ವಲ್ಪ ಗಾಳಿಯನ್ನು ಕೊಟ್ಟು ಗುಳಿಗೆಯನ್ನು ಅನಿಲವಾಗಿಸುತ್ತದೆ. ಬಾಯಿಯ ಸುತ್ತಲಿನ ರಂಧ್ರಗಳಿಂದ ಬರುವ ಗಾಳಿಯು ಆ ಅನಿಲವನ್ನು ಉರಿಸುತ್ತದೆ. ಹೊಗೆಯಾಗಬೇಕಾದದ್ದೇ ಉರಿಯಾಗುತ್ತದೆ.

ಆದರೆ ಇದಕ್ಕೂ ಆರೈಕೆ ಬೇಕು. ಗುಳಿಗೆಯು ತೇವ ಹೀರಿದರೆ ಉಬ್ಬಿ ಪುಡಿಯಾಗುತ್ತದೆ, ಆದ್ದರಿಂದ ಮುಚ್ಚಳದ ಡಬ್ಬದಲ್ಲಿಡಬೇಕು. ಪ್ರತಿ ಬಾರಿಯೂ ಒಲೆ ಆರಿದ ಮೇಲೆ ಬೂದಿ ತೆಗೆದು ಜಾಲರಿಯ ರಂಧ್ರಗಳನ್ನು ಬಿಡಿಸಬೇಕು. ಬ್ಯಾಟರಿಗೆ ವಿದ್ಯುತ್ತು ತುಂಬುವುದನ್ನು ಮರೆಯಬಾರದು. ಫ್ಯಾನು ನಿಂತರೆ ಹೊಗೆ ಮನೆ ತುಂಬುತ್ತದೆ. ಉರಿಯುವಾಗ ಮೇಲಿನಿಂದ ಗುಳಿಗೆ ಸುರಿಯುವುದಾಗಲಿ, ಬಿಸಿ ಒಲೆಗೆ ಸೀಮೆಎಣ್ಣೆ ಹಾಕುವುದಾಗಲಿ ಸಲ್ಲದು. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಕೆಂಡ. ಉರಿಯು ನಿಂತ ಮೇಲೆ ಕಾಣದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವು ಕೆಂಡದಿಂದ ಹೊರಡುತ್ತದೆ. ಚಳಿಯೆಂದು ಅಂಥ ಒಲೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗುವುದು ಪ್ರಾಣಾಪಾಯ.

ಸುಮಾರು ನಾಲ್ಕು ಲಕ್ಷ ಊರ್ಜಾ ಒಲೆಗಳು ಮಾರಾಟವಾದವು, ಹೆಚ್ಚಿನವು ಮಹಾರಾಷ್ಟ್ರದಲ್ಲಿ. ಆದರೆ ಕಬ್ಬಿನ ಸಿಪ್ಪೆಗೆ ಬೇರೆ ಕಾರ್ಖಾನೆಗಳೂ ಗಿರಾಕಿಗಳಾದವು, ಗುಳಿಗೆಯ ಬೆಲೆ ಏರಿತು, ಹಳ್ಳಿಯ ಅಂಗಡಿಗೆ ಬರುವುದೂ ತಪ್ಪಿತು. 2014ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ, ಕೊಂಡವರಲ್ಲಿ ಅದನ್ನು ಇನ್ನೂ ಬಳಸುತ್ತಿದ್ದವರು ನೂರಕ್ಕೆ ಒಂಬತ್ತು ಮಂದಿ ಮಾತ್ರ. ಅಸ್ತ್ರ ಒಲೆಗೆ ಕೊಳವೆ ಉಜ್ಜುವವರಿರಲಿಲ್ಲ, ಊರ್ಜಾ ಒಲೆಗೆ ಗುಳಿಗೆ ತಂದುಕೊಡುವವರಿರಲಿಲ್ಲ. ಎರಡು ಕಡೆಯೂ ಸೋತದ್ದು ಒಲೆಯಲ್ಲ, ಅದರ ಹಿಂದಿರಬೇಕಾದ ವ್ಯವಸ್ಥೆ.

2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಗ್ಯಾಸು ಬಹುಪಾಲು ಮನೆಗಳ ಬಾಗಿಲಿಗೆ ಬಂದಿದೆ. ಹಾಗೆಂದು ಸೌದೆಯ ಕಾಲ ಮುಗಿಯಲಿಲ್ಲ. ಬಚ್ಚಲಿನ ಹಂಡೆಯ ಕೆಳಗೆ ಇಂದಿಗೂ ತೆಂಗಿನ ಗರಿಯೇ ಉರಿಯುವ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬೂದಿ ತೆಗೆಯುವುದು, ಕೊಳವೆ ಉಜ್ಜುವುದು, ಒಣ ಉರುವಲನ್ನು ಮಳೆಗೆ ಮುಂಚೆ ಒಳಗಿಡುವುದು ಇವೆಲ್ಲ ಸಣ್ಣ ಕೆಲಸಗಳೇ. ಅವು ಅಡಿಗೆ ಮಾಡುವವಳೊಬ್ಬಳ ಪಾಲಿನ ಕೆಲಸವೆಂದು ಬಿಟ್ಟುಕೊಟ್ಟದ್ದರಿಂದಲೇ ಒಂದಾದಮೇಲೊಂದು ಒಳ್ಳೆಯ ಒಲೆಯು ಹಿತ್ತಿಲು ಸೇರಿತು. ಊಟಕ್ಕೆ ಕೂರುವ ಎಲ್ಲರೂ ಆ ಕೆಲಸವನ್ನು ಹಂಚಿಕೊಂಡ ಮನೆಯಲ್ಲಿ ಮಾತ್ರ ಹೊಸ ಒಲೆಯು ಹಳತಾಗುವವರೆಗೆ ಬಾಳುತ್ತದೆ.