ರೈನೋಪ್ಲಾಸ್ಟಿಯ ನಂತರ ಮೂಗಿನ ಮರುತಿದ್ದುಪಡಿ: ಶಸ್ತ್ರ ಮತ್ತು ಸೂಜಿ ಮಾರ್ಗಗಳ ವಿವೇಚನೆ

1. ಪೀಠಿಕೆ

ಮೂಗಿನ ಆಕಾರ ತಿದ್ದುವ ರೈನೋಪ್ಲಾಸ್ಟಿ ಮಾಡಿಸಿಕೊಂಡವರಲ್ಲಿ ಒಂದಷ್ಟು ಮಂದಿ ಮತ್ತೆ ವೈದ್ಯರ ಮುಂದೆ ಬಂದು ಕೂರುತ್ತಾರೆ. ಎರಡನೆಯ ಬಾರಿ ಶಸ್ತ್ರಚಿಕಿತ್ಸೆಗೆ ಒಳಗಾಗುವವರ ಪ್ರಮಾಣ ಸಾಮಾನ್ಯವಾಗಿ ಶೇ. 5ರಿಂದ 15 ಎಂದು ವೈದ್ಯಕೀಯ ವರದಿಗಳು ಹೇಳುತ್ತವೆ. ಅವರ ದೂರುಗಳು ಎರಡು ಬಗೆಯವು: ಆಕಾರ ಸರಿಹೋಗಲಿಲ್ಲ, ಅಥವಾ ಉಸಿರಾಟ ಕೆಟ್ಟಿತು. ಎಷ್ಟೋ ವೇಳೆ ಎರಡೂ ಒಟ್ಟಿಗೇ ಇರುತ್ತವೆ. ಅವರ ಮುಂದಿರುವ ದಾರಿಗಳು ಮೂರು: ಕಾಯುವುದು, ಸೂಜಿಮದ್ದು, ಮರುಶಸ್ತ್ರಚಿಕಿತ್ಸೆ.

ಕತ್ತರಿ ದೊಡ್ಡ ಉಪಾಯ, ಸೂಜಿ ಸಣ್ಣ ಉಪಾಯ. ಹಾಗಾಗಿ ಮೊದಲು ಸೂಜಿಯನ್ನೇ ನೋಡಿಬಿಡೋಣ ಎಂಬ ಎಣಿಕೆ ಇಂದು ವ್ಯಾಪಕವಾಗಿದೆ. ಒಮ್ಮೆ ಶಸ್ತ್ರಚಿಕಿತ್ಸೆಯಾದ ಮೂಗಿನ ಮಟ್ಟಿಗೆ ಈ ಎಣಿಕೆ ನಿಲ್ಲುವುದಿಲ್ಲ ಎಂಬುದು ಪ್ರಸ್ತುತ ಲೇಖನದ ವಾದ. ದೋಷ ಕಣ್ಣಿಗೆ ಎಷ್ಟು ಕಾಣುತ್ತದೆ ಎನ್ನುವುದಕ್ಕಿಂತ ಚರ್ಮದ ರಕ್ತಸಂಚಾರ, ಒಳಗಿನ ಆಧಾರ ಮತ್ತು ಉಸಿರಿನ ದಾರಿ ಯಾವ ಸ್ಥಿತಿಯಲ್ಲಿವೆ ಎನ್ನುವುದೇ ಆಯ್ಕೆಯನ್ನು ನಿರ್ಧರಿಸಬೇಕು.

2. ಶಸ್ತ್ರ ತಾಗಿದ ಮೂಗಿನ ರಚನೆ

ಮೂಗಿನ ಮೇಲ್ಭಾಗ ಮೂಳೆಯದು. ನಡುಭಾಗ ಮತ್ತು ತುದಿ ಮೃದ್ವಸ್ಥಿಯವು. ಇವೆರಡನ್ನೂ ನಡುಗೋಡೆ ಒಳಗಿನಿಂದ ಹೊತ್ತು ನಿಂತಿರುತ್ತದೆ. ನಡುಗೋಡೆಯಿಂದ ಮೃದ್ವಸ್ಥಿಯನ್ನು ತೆಗೆಯುವಾಗ ಬೆನ್ನಿನ ಉದ್ದಕ್ಕೂ ಮುಂಬದಿಗೂ ಕನಿಷ್ಠ 1 ಸೆಂ.ಮೀ. ಅಗಲದ ಪಟ್ಟಿಯನ್ನು ಉಳಿಸಬೇಕೆಂಬ ನಿಯಮವಿದೆ. ಆ ಪಟ್ಟಿ ಮುರಿದರೆ ಮೂಗಿನ ಬೆನ್ನು ಕುದುರೆಯ ಜೀನಿನಂತೆ ಕುಸಿಯುತ್ತದೆ. ನಡುಗೋಡೆಯೂ ಪಕ್ಕದ ಮೃದ್ವಸ್ಥಿಯೂ ಸೇರುವಲ್ಲಿ ಒಳಕವಾಟವಿದೆ. ಅದರ ಕೋನ ಸುಮಾರು 10ರಿಂದ 15 ಡಿಗ್ರಿ. ಮೂಗಿನಲ್ಲಿ ಗಾಳಿ ಹಾಯುವ ಅತಿ ಕಿರಿದಾದ ಜಾಗ ಇದೇ. ಉಬ್ಬನ್ನು ಇಳಿಸುವಾಗ ಇಲ್ಲಿನ ಬೆಸುಗೆ ಸಡಿಲವಾದರೆ ನಡುಭಾಗ ಒಳಕ್ಕೆ ಸರಿದು, ಮೂಳೆಯ ಕೆಳ ಅಂಚು ಚರ್ಮದಡಿ ತಲೆಕೆಳಗಾದ ‘ವಿ’ಯಂತೆ ಮೂಡುತ್ತದೆ. ಅದರ ಜೊತೆಗೇ ಉಸಿರೂ ಕಟ್ಟುತ್ತದೆ.

ಚರ್ಮದ ಕಥೆ ಬೇರೆ. ಮುಖ್ಯ ರಕ್ತನಾಳಗಳು ಚರ್ಮ ಮತ್ತು ಮೃದ್ವಸ್ಥಿಯ ನಡುವಿನ ಪದರದಲ್ಲಿ ಹರಿಯುತ್ತವೆ. ತೆರೆದ ವಿಧಾನದಲ್ಲಿ ಎರಡು ಹೊಳ್ಳೆಗಳ ನಡುವಿನ ಕಂಬದ ಚರ್ಮವನ್ನು ಅಡ್ಡಲಾಗಿ ಕೊಯ್ಯುವುದರಿಂದ ತುದಿಗೆ ಕೆಳಗಿನಿಂದ ಬರುವ ನಾಳಗಳು ಕಡಿದುಹೋಗುತ್ತವೆ. ಆಗ ತುದಿ ಹೆಚ್ಚಾಗಿ ಪಕ್ಕದ ನಾಳಗಳನ್ನೇ ನೆಚ್ಚಿಕೊಳ್ಳಬೇಕು. ಗಾಯ ಮಾಗುವಾಗ ಪದರಗಳು ಒಂದಕ್ಕೊಂದು ಅಂಟಿ, ಮೊದಲಿದ್ದ ಬಿಡಿ ಜಾಗ ಮಾಯವಾಗುತ್ತದೆ.

3. ಕಾಯುವಿಕೆ ಮತ್ತು ದೋಷದ ಪತ್ತೆ

ಬಾವು ಪೂರ್ತಿ ಇಳಿಯಲು ಸುಮಾರು ಒಂದು ವರ್ಷ ಬೇಕು. ದಪ್ಪ ಚರ್ಮದವರಲ್ಲಿ, ಅದರಲ್ಲೂ ತುದಿಯಲ್ಲಿ, ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಮರುಶಸ್ತ್ರಚಿಕಿತ್ಸೆಗೆ ಕನಿಷ್ಠ ಹನ್ನೆರಡು ತಿಂಗಳು ಕಾಯಬೇಕೆಂಬ ರೂಢಿ ಬಂದದ್ದು ಇದರಿಂದಲೇ. ಸೋಂಕು, ನಡುಗೋಡೆಯಲ್ಲಿ ರಕ್ತ ಹೆಪ್ಪುಗಟ್ಟುವುದು, ಒಳಗಿಟ್ಟ ಕೃತಕ ತುಂಡು ಹೊರಚಾಚುವುದು ಇವು ಅಪವಾದಗಳು. ಅವಕ್ಕೆ ತಕ್ಷಣ ಚಿಕಿತ್ಸೆಯಾಗಬೇಕು.

ಒಂದೇ ರೂಪದ ದೋಷಕ್ಕೆ ಹಲವು ಕಾರಣಗಳಿರಬಹುದು ಎಂಬುದಕ್ಕೆ ಗಿಣಿಕೊಕ್ಕಿನ ವಿರೂಪ ಒಳ್ಳೆಯ ನಿದರ್ಶನ. ಇದರಲ್ಲಿ ತುದಿಯ ತುಸು ಮೇಲೆ ಉಬ್ಬು ಎದ್ದು, ತುದಿ ಕೆಳಕ್ಕೆ ಬಾಗಿದಂತೆ ತೋರುತ್ತದೆ. ವೈದ್ಯರು ಉಬ್ಬಿನ ಮೇಲೆ ಬೆರಳೊತ್ತಿ ನೋಡುತ್ತಾರೆ. ಗಟ್ಟಿಯಾಗಿದ್ದರೆ ಸಾಕಷ್ಟು ಇಳಿಸದೆ ಉಳಿದ ಮೃದ್ವಸ್ಥಿ. ಮೆತ್ತಗಿದ್ದರೆ ಖಾಲಿ ಜಾಗದಲ್ಲಿ ತುಂಬಿಕೊಂಡ ಗಾಯದ ಅಂಗಾಂಶ. ಬೆರಳಿಗೆ ತುದಿ ಸುಲಭವಾಗಿ ಕುಸಿದರೆ ಆಧಾರವೇ ಹೋಗಿದೆ ಎಂದರ್ಥ. ಮೊದಲನೆಯದಕ್ಕೆ ಶಸ್ತ್ರಚಿಕಿತ್ಸೆಯಲ್ಲಿ ಮೃದ್ವಸ್ಥಿಯನ್ನು ಇಳಿಸಬೇಕು, ಮೂರನೆಯದಕ್ಕೆ ತುದಿಗೆ ಊರೆ ಕೊಡಬೇಕು. ಎರಡನೆಯದಕ್ಕೆ ಮಾತ್ರ ಟ್ರಯಾಮ್ಸಿನೊಲೋನ್ ಸ್ಟಿರಾಯ್ಡ್ ಸೂಜಿ ಮತ್ತು ಅಂಟುಪಟ್ಟಿ ಒಗ್ಗುತ್ತವೆ. ಸ್ಟಿರಾಯ್ಡನ್ನು ಬಹಳ ಸಣ್ಣ ಪ್ರಮಾಣದಲ್ಲಿ, ವಾರಗಳ ಅಂತರ ಬಿಟ್ಟು, ಚರ್ಮದಡಿಯ ಆಳದ ಪದರಕ್ಕೇ ಕೊಡಬೇಕು. ಚರ್ಮದೊಳಕ್ಕೆ ಹೋದರೆ ಚರ್ಮ ತೆಳುವಾಗಿ, ಬಿಳಿಚಿ, ಹೊಸದೊಂದು ಗುಳಿ ಬೀಳುತ್ತದೆ.

ಉಸಿರಿನ ಪರೀಕ್ಷೆಯನ್ನೂ ಬಿಡುವಂತಿಲ್ಲ. ತೆಳುವಾದ ಸಲಾಕೆಯಿಂದ ಒಳಕವಾಟದ ಪಕ್ಕವನ್ನು ಮೆಲ್ಲನೆ ಎತ್ತಿಹಿಡಿದಾಗ ಉಸಿರು ಸಲೀಸಾದರೆ ಕೊರತೆ ಅಲ್ಲಿದೆ.

4. ಶಸ್ತ್ರಮಾರ್ಗ

ಬರ್ಲಿನ್ನಿನ ಜಾಕ್ ಜೋಸೆಫ್ 1898ರಲ್ಲಿ ಮೂಗನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆ ಮಾಡಿದ ಮೇಲೆ ಬಹುಕಾಲ ರೈನೋಪ್ಲಾಸ್ಟಿ ಎಂದರೆ ಕೆತ್ತಿ ತೆಗೆಯುವುದೇ ಆಗಿತ್ತು. ಅತಿಯಾಗಿ ತೆಗೆದುದರ ಫಲ ವರ್ಷಗಳ ನಂತರ ಕುಸಿತವಾಗಿ ಕಾಣಿಸಿತು. ಜ್ಯಾಕ್ ಶೀನ್ 1984ರಲ್ಲಿ ವಿವರಿಸಿದ ‘ಸ್ಪ್ರೆಡರ್ ಗ್ರಾಫ್ಟ್’ ಈ ಕಲೆಯ ದಿಕ್ಕನ್ನು ಬದಲಿಸಿತು. ನಡುಗೋಡೆ ಮತ್ತು ಪಕ್ಕದ ಮೃದ್ವಸ್ಥಿಯ ನಡುವೆ ಕಡ್ಡಿಯಂಥ ಮೃದ್ವಸ್ಥಿಯನ್ನಿಟ್ಟು ಹೊಲಿದರೆ ಕವಾಟ ಅಗಲವಾಗುತ್ತದೆ, ನಡುಭಾಗದ ರೇಖೆಯೂ ನೆಟ್ಟಗಾಗುತ್ತದೆ. ಮರುಶಸ್ತ್ರಚಿಕಿತ್ಸೆ ಇಂದು ಮುಖ್ಯವಾಗಿ ಕಳೆದುದನ್ನು ಮತ್ತೆ ಕಟ್ಟುವ ಕೆಲಸ.

ಕಟ್ಟಲು ಬೇಕಾದ ಸಾಮಗ್ರಿಯೇ ಇಲ್ಲಿ ದೊಡ್ಡ ಸಮಸ್ಯೆ. ನಡುಗೋಡೆಯ ಮೃದ್ವಸ್ಥಿ ಉತ್ತಮವಾದುದು. ಆದರೆ ಅದು ಮೊದಲ ಸಲವೇ ಖರ್ಚಾಗಿರುತ್ತದೆ. ಕಿವಿಯ ಬಟ್ಟಲಿನಿಂದ ತೆಗೆದದ್ದು ಬಾಗಿರುವುದರಿಂದ ಹೊಳ್ಳೆಯ ಅಂಚಿಗೆ ಒಪ್ಪುತ್ತದೆ, ಭಾರ ಹೊರಲಾರದು. ಹೆಚ್ಚು ಆಧಾರ ಬೇಕಾದಲ್ಲಿ ಪಕ್ಕೆಲುಬಿನ ಮೃದ್ವಸ್ಥಿಗೆ ಮೊರೆಹೋಗುತ್ತಾರೆ. ಎದೆಯ ಮೇಲೆ ಗಾಯದ ಗುರುತು, ನೋವು, ಅಪರೂಪಕ್ಕೆ ಶ್ವಾಸಕೋಶದ ಹೊದಿಕೆಗೆ ಏಟು ಇವು ಅದರ ಬೆಲೆ. ಅದು ಕಾಲಕ್ರಮೇಣ ಡೊಂಕಾಗುವುದೂ ಉಂಟು. ಎರಡೂ ಕಡೆಯಿಂದ ಸಮನಾಗಿ ಕೆತ್ತಿದರೆ ಡೊಂಕು ಕಡಿಮೆ ಎಂದು ಗಿಬ್ಸನ್ ಮತ್ತು ಡೇವಿಸ್ 1958ರಲ್ಲೇ ತೋರಿಸಿದ್ದರು. ಕೆತ್ತಿದ ತುಂಡನ್ನು ಕೂಡಲೇ ಹೊಲಿಯದೆ ಲವಣದ್ರಾವಣದಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಬಾಗುವುದೆಷ್ಟೋ ಬಾಗಲಿ ಎಂದು ಕಾದು, ಮತ್ತೆ ಕೆತ್ತಿ ಕೂರಿಸುವುದು ಶಸ್ತ್ರವೈದ್ಯರ ರೂಢಿ. ಬೆನ್ನನ್ನು ಎತ್ತರಿಸಲು ಮೃದ್ವಸ್ಥಿಯನ್ನು ಸಣ್ಣಗೆ ಹೆಚ್ಚಿ, ಕಿವಿಯ ಮೇಲಿನ ಸ್ನಾಯುವಿನ ಪೊರೆಯಲ್ಲಿ ತುಂಬಿ ಇಡುವ ವಿಧಾನವೂ ಇದೆ. ಅದಕ್ಕೆ ಬಾಗುವ ಭಯವಿಲ್ಲ. ಸಿಲಿಕೋನ್ ಮೊದಲಾದ ಕೃತಕ ವಸ್ತುಗಳು ಸುಲಭವಾಗಿ ಸಿಗುತ್ತವೆ. ಆದರೆ ತೆಳುವಾದ, ಗಾಯಗೊಂಡ ಚರ್ಮದಡಿ ಅವು ಸೋಂಕಿಗೆ ಗುರಿಯಾಗುವ, ಹೊರಚಾಚುವ ಅಪಾಯ ಹೆಚ್ಚು.

5. ಸೂಜಿಮಾರ್ಗ

ಸೂಜಿಯಿಂದ ಮೂಗು ತಿದ್ದುವುದು ಹೊಸದೇನಲ್ಲ. 1900ರ ಸುಮಾರಿಗೆ ವಿಯೆನ್ನಾದ ರಾಬರ್ಟ್ ಗೆರ್ಸುನಿ ವ್ಯಾಸಲೀನ್ ಚುಚ್ಚುವ ಪದ್ಧತಿಯನ್ನು ಬಳಕೆಗೆ ತಂದ. ಪ್ಯಾರಾಫಿನ್ ಅದರ ಹಿಂದೆಯೇ ಬಂತು. ಗಂಟುಗಳು, ಹುಣ್ಣುಗಳು, ದೃಷ್ಟಿನಾಶ ವರದಿಯಾಗಿ ಅದು ಹಿಂದೆ ಸರಿಯಿತು.

ಇಂದಿನ ಹಯಲುರಾನಿಕ್ ಆಮ್ಲದ ಫಿಲ್ಲರ್ ಅದಕ್ಕಿಂತ ಎಷ್ಟೋ ಮೇಲು. ಹಯಲುರಾನಿಡೇಸ್ ಕಿಣ್ವದಿಂದ ಅದನ್ನು ಕರಗಿಸಬಹುದು. ಬೆನ್ನಿನ ಮೇಲಿನ ಚಿಕ್ಕ ತಗ್ಗು, ಮೂಳೆಯಂಚಿನ ಏರುಪೇರು ಇಂಥವನ್ನು ಅದು ಮರೆಮಾಡುತ್ತದೆ, ಫಲ ತಾತ್ಕಾಲಿಕ. ಅದರ ಮಿತಿಯೂ ಅಲ್ಲೇ ಇದೆ. ಫಿಲ್ಲರ್ ತುಂಬಬಲ್ಲುದು, ತೆಗೆಯಲಾರದು. ದೊಡ್ಡ ಮೂಗನ್ನು ಚಿಕ್ಕದು ಮಾಡುವ, ಕುಸಿದ ಆಧಾರಕ್ಕೆ ಊರೆ ಕೊಡುವ ಶಕ್ತಿ ಅದಕ್ಕಿಲ್ಲ.

ಅಪಾಯದ ಮೂಲ ರಕ್ತನಾಳ. ಮೂಗಿನ ಬೆನ್ನಿನ ನಾಳಗಳಿಗೆ ಕಣ್ಣಿನ ನಾಳದೊಂದಿಗೆ ಸಂಬಂಧವಿದೆ. ಒತ್ತಡಕ್ಕೆ ಹಿಮ್ಮುಖವಾಗಿ ಹರಿದ ಫಿಲ್ಲರ್ ಅಕ್ಷಿಪಟಲದ ನಾಳವನ್ನು ಮುಚ್ಚಿದರೆ ನಿಮಿಷಗಳಲ್ಲಿ ದೃಷ್ಟಿ ಹೋಗಬಹುದು. ಹೋದ ದೃಷ್ಟಿ ಮರಳುವುದು ಅಪರೂಪ. ಬೆಲೆಜ್ನೇ ಮತ್ತು ಸಂಗಡಿಗರು 2015ರಲ್ಲಿ ಕಲೆಹಾಕಿದ 98 ದೃಷ್ಟಿಹಾನಿಯ ಪ್ರಕರಣಗಳಲ್ಲಿ ಹುಬ್ಬುಗಳ ನಡುವಿನ ಭಾಗದ ಪಾಲು ಶೇ. 38.8, ಮೂಗಿನದು ಶೇ. 25.5. ನಾಳಗಳನ್ನು ತಪ್ಪಿಸಲು ಮೂಳೆಗೆ ಅಂಟಿಕೊಂಡ ಆಳದ ಪದರದಲ್ಲಿ ಚುಚ್ಚಬೇಕೆಂದು ಕಲಿಸುತ್ತಾರೆ. ಶಸ್ತ್ರಚಿಕಿತ್ಸೆಯಾದ ಮೂಗಿನಲ್ಲಿ ಆ ಪದರವೇ ಗಾಯದಿಂದ ಮುಚ್ಚಿಹೋಗಿರುತ್ತದೆ, ನಾಳಗಳು ಜಾಗ ಬದಲಿಸಿರುತ್ತವೆ. ಬಿಗಿದ ಚರ್ಮದಡಿ ಸ್ವಲ್ಪ ಹೆಚ್ಚು ತುಂಬಿದರೂ ಒತ್ತಡಕ್ಕೆ ರಕ್ತ ನಿಂತು ತುದಿಯ ಚರ್ಮ ಕೊಳೆಯಬಹುದು.

ಹಾಗೆ ಚರ್ಮ ದೊಡ್ಡ ಪ್ರಮಾಣದಲ್ಲಿ ನಷ್ಟವಾದರೆ ಉಳಿಯುವ ದಾರಿ ಹಣೆಯ ಚರ್ಮವನ್ನು ಇಳಿಸಿ ಮೂಗಿಗೆ ಹೊದಿಸುವುದು. ಈ ವಿಧಾನ ಯುರೋಪಿಗೆ ತಿಳಿದದ್ದರಲ್ಲಿ ಮೈಸೂರಿನ ಯುದ್ಧಗಳ ಪಾತ್ರವಿದೆ. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ ಕಾವಸ್ಜಿ ಎಂಬ ಎತ್ತಿನಗಾಡಿಯವನಿಗೆ ಪುಣೆಯ ಕಡೆ ಹೀಗೆ ಮೂಗು ಕಟ್ಟಿಕೊಟ್ಟ ವರದಿ 1794ರಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಅಚ್ಚಾಯಿತು.

6. ಮನಸ್ಸಿನ ಪರೀಕ್ಷೆ

ಕೆಲವರಲ್ಲಿ ದೋಷ ಮೂಗಿನಲ್ಲಿರುವುದಕ್ಕಿಂತ ನೋಟದಲ್ಲಿರುತ್ತದೆ. ದೇಹವಿರೂಪದ ಭ್ರಮೆಯ ವ್ಯಾಧಿ ಸಾಮಾನ್ಯ ಜನರಿಗಿಂತ ರೈನೋಪ್ಲಾಸ್ಟಿ ಬಯಸುವವರಲ್ಲಿ ಹೆಚ್ಚು. ಬೆಲ್ಜಿಯಮ್ಮಿನ ಪಿಕಾವೆ ಮತ್ತು ಸಂಗಡಿಗರ 2011ರ ಅಧ್ಯಯನದಲ್ಲಿ ಹೀಗೆ ಬಂದವರ ಪೈಕಿ ಶೇ. 33ರಷ್ಟು ಮಂದಿಯಲ್ಲಿ ಮಧ್ಯಮ ಅಥವಾ ಅದಕ್ಕೂ ತೀವ್ರ ಲಕ್ಷಣಗಳು ಕಂಡಿದ್ದವು. ಇಂಥವರಿಗೆ ಕತ್ತರಿಯೂ ಸೂಜಿಯೂ ಸಮಾಧಾನ ತರುವುದಿಲ್ಲ. ಮನೋವೈದ್ಯರ ನೆರವು ಬೇಕು.

7. ನಿರ್ಣಯ

ಉಸಿರಾಟ ಕೆಟ್ಟಿದ್ದರೆ, ಆಧಾರ ಕುಸಿದಿದ್ದರೆ, ಏನನ್ನಾದರೂ ತೆಗೆಯಬೇಕಿದ್ದರೆ ಮರುಶಸ್ತ್ರಚಿಕಿತ್ಸೆಯೊಂದೇ ಉತ್ತರ; ಅದೂ, ಮೇಲೆ ಹೇಳಿದ ತುರ್ತಿನ ಅಪವಾದಗಳನ್ನು ಬಿಟ್ಟರೆ, ಒಂದು ವರ್ಷ ಕಳೆದ ಮೇಲೆ. ಮೆತ್ತನೆಯ ಗಾಯದುಬ್ಬಿಗೆ ಸ್ಟಿರಾಯ್ಡ್ ಸಾಕು. ಉಸಿರು, ಆಧಾರ, ಚರ್ಮ ಮೂರೂ ಸರಿಯಿದ್ದು ಬೆನ್ನಿನ ಮೇಲೆ ಚಿಕ್ಕ ತಗ್ಗು ಮಾತ್ರ ಉಳಿದಿದ್ದರೆ ಫಿಲ್ಲರನ್ನು ಯೋಚಿಸಬಹುದು. ಹಯಲುರಾನಿಡೇಸ್ ಕೈಗೆಟಕುವಂತಿದ್ದು, ಶಸ್ತ್ರ ತಾಗಿದ ಮೂಗಿನ ರಚನೆ ಬಲ್ಲ ವೈದ್ಯರೇ ಚುಚ್ಚುವುದಾದರೆ ಮಾತ್ರ. ಶಸ್ತ್ರಚಿಕಿತ್ಸೆಯಾದ ಮೂಗಿನ ತುದಿಗೆ ಫಿಲ್ಲರ್ ಬೇಡ. ಮರುತಿದ್ದುಪಡಿಗೆ ಹೊರಟವರು ಮೊದಲ ಶಸ್ತ್ರಚಿಕಿತ್ಸೆಯ ಟಿಪ್ಪಣಿ ಮತ್ತು ಹಳೆಯ ಭಾವಚಿತ್ರಗಳನ್ನು ತಪ್ಪದೆ ಜೊತೆಗೊಯ್ಯಬೇಕು. ಯಾವ ವಿಧಾನ ಬಳಸಿದ್ದರು, ಏನನ್ನು ತೆಗೆದರು, ಏನು ಉಳಿಯಿತು ಎಂಬುದನ್ನು ಆ ಟಿಪ್ಪಣಿಯಷ್ಟು ಖಚಿತವಾಗಿ ಹೊರಗಿನ ಯಾವ ಪರೀಕ್ಷೆಯೂ ಹೇಳಲಾರದು.