ರಸ್ತೆಯ ಬಿಳಿಗೆರೆ: ಕಣ್ಣಿನ ಸಂಕೇತದಿಂದ ಯಂತ್ರದ ಗ್ರಹಿಕೆಯವರೆಗೆ

ಸಮುದಾಯದ ಒಪ್ಪಿಗೆಯಿಂದ ಅರ್ಥ ಪಡೆಯುವ ಸಂಕೇತಗಳಲ್ಲಿ ರಸ್ತೆಯ ಬಿಳಿಗೆರೆಯೂ ಒಂದು. ಅಮೆರಿಕದ ಮಿಷಿಗನ್ ರಾಜ್ಯದ ವೇನ್ ಕೌಂಟಿಯಲ್ಲಿ ಎಡ್ವರ್ಡ್ ಹೈನ್ಸ್ 1911ರಲ್ಲಿ ಮಧ್ಯರೇಖೆಯನ್ನು ಬಳಕೆಗೆ ತಂದರು. ಹಾಲಿನ ಗಾಡಿಯೊಂದು ಸೋರುತ್ತ ಸಾಗಿ ಉಳಿಸಿದ ಜಾಡನ್ನು ಕಂಡು ಅವರಿಗೆ ಈ ವಿಚಾರ ಹೊಳೆಯಿತೆಂಬ ಐತಿಹ್ಯವಿದೆ. ಐತಿಹ್ಯದ ಸತ್ಯಾಸತ್ಯತೆ ಹೇಗೇ ಇರಲಿ, ಜಾಡನ್ನು ಕಂಡು ದಾರಿ ಊಹಿಸುವ ಮನುಷ್ಯನ ಶಕ್ತಿಯೇ ಅದರ ತಿರುಳು. 1935ರಲ್ಲಿ ಪ್ರಕಟವಾದ ಅಮೆರಿಕದ ಏಕರೂಪ ಸಂಚಾರ ನಿಯಂತ್ರಣ ಸಾಧನಗಳ ಕೈಪಿಡಿಯೂ ಈ ಶಕ್ತಿಯನ್ನೇ ನಂಬಿತ್ತು.

ಅಳತೆಯ ವಿಧಾನದಲ್ಲಿಯೂ ಮನುಷ್ಯದೇಹವೇ ಅಡಗಿದೆ. ಬಣ್ಣದಲ್ಲಿ ಬೆರೆತ ಗಾಜಿನ ಮಣಿಗಳು ದೀಪದ ಬೆಳಕನ್ನು ಚಾಲಕನತ್ತ ಮರಳಿಸುತ್ತವೆ. ಈ ಗುಣವನ್ನು ಅಳೆಯುವಾಗ ಗೆರೆ 30 ಮೀಟರ್ ದೂರದಲ್ಲಿಯೂ, ದೀಪ 0.65 ಮೀಟರ್ ಹಾಗೂ ಕಣ್ಣು 1.2 ಮೀಟರ್ ಎತ್ತರದಲ್ಲಿಯೂ ಇವೆಯೆಂದು ಎಣಿಸಲಾಗುತ್ತದೆ. ಕ್ಯಾಮೆರಾ ಮುಂಗಾಜಿನ ಮೇಲ್ಭಾಗದಿಂದ ನೋಡುತ್ತದೆ. ಲೈಡಾರ್ ತಾನೇ ಬೀರಿದ ಅವಕೆಂಪು ಕಿರಣದ ಮರಳುವಿಕೆಯನ್ನು ಗ್ರಹಿಸುತ್ತದೆ. ಆದ್ದರಿಂದ ಕಣ್ಣಿಗೆ ಉತ್ತಮವಾದ ಗೆರೆ ಸಂವೇದಕಕ್ಕೂ ಅಷ್ಟೇ ಉತ್ತಮವೆಂದು ಹೇಳಲಾಗದು.

ಕ್ಯಾಲಿಫೋರ್ನಿಯಾದ ‘ಬಾಟ್ಸ್ ಗುಂಡಿ’ಗಳ ಇತಿಹಾಸ ಇದಕ್ಕೆ ನಿದರ್ಶನ. ಎಲ್ಬರ್ಟ್ ಬಾಟ್ಸ್ ಎಂಬ ರಸಾಯನವಿಜ್ಞಾನಿಯ ಹೆಸರು ಪಡೆದ ಈ ಉಬ್ಬುಗಳನ್ನು ಹಿಮ ಬೀಳದ ಪ್ರದೇಶಗಳ ಹೆದ್ದಾರಿಗಳಲ್ಲಿ ಅಳವಡಿಸಲು 1966ರಲ್ಲಿ ಕಾನೂನಾಯಿತು. ಪಥ ತಪ್ಪಿದ ಚಾಲಕನನ್ನು ಚಕ್ರದ ಸದ್ದು ಮತ್ತು ಅದುರುವಿಕೆಯಿಂದ ಅವು ಎಚ್ಚರಿಸುತ್ತಿದ್ದವು. ಆದರೆ ಬಿಡಿ ಬಿಡಿ ಉಬ್ಬುಗಳನ್ನು ಗೆರೆಯಾಗಿ ಗ್ರಹಿಸುವುದು ಕ್ಯಾಮೆರಾಗಳಿಗೆ ಕಷ್ಟ. 2017ರಲ್ಲಿ ರಾಜ್ಯದ ಸಾರಿಗೆ ಇಲಾಖೆ ಅವುಗಳ ಬಳಕೆಯನ್ನು ಕೈಬಿಟ್ಟು, 4 ಅಂಗುಲದ ಗೆರೆಯನ್ನು 6 ಅಂಗುಲಕ್ಕೆ ಅಗಲಗೊಳಿಸಲು ನಿರ್ಧರಿಸಿತು.

ಇಲ್ಲಿ ಪಣವಾಗಿರುವುದು ಜೀವ. 2018ರಲ್ಲಿ ಅದೇ ರಾಜ್ಯದ ಮೌಂಟನ್ ವ್ಯೂ ಬಳಿ ಸ್ವಯಂಚಾಲನೆಯಲ್ಲಿದ್ದ ಕಾರೊಂದು ಹೆದ್ದಾರಿಯ ಕವಲಿನ ತಡೆಗೆ ಬಡಿದು ಚಾಲಕ ಮೃತಪಟ್ಟರು. ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ವ್ಯವಸ್ಥೆಯ ಮಿತಿಯನ್ನೂ ಚಾಲಕರ ಅನ್ಯಮನಸ್ಕತೆಯನ್ನೂ ಕಾರಣಗಳೆಂದು ಗುರುತಿಸಿತು. ಕೈಪಿಡಿಯ 2023ರ ಹನ್ನೊಂದನೆಯ ಆವೃತ್ತಿಯು ಸ್ವಯಂಚಾಲಿತ ವಾಹನಗಳಿಗಾಗಿಯೇ ಒಂದು ಭಾಗವನ್ನು ಸೇರಿಸಿದೆ. ಅಗಲವಾದ ಗೆರೆ, ಕವಲುಗಳಲ್ಲಿ ಪಟ್ಟೆಗುರುತು, ಉಬ್ಬುಗಳನ್ನು ಗೆರೆಗೆ ಬದಲಿಯಾಗಿಸದೆ ಪೂರಕವಾಗಿ ಮಾತ್ರ ಬಳಸುವುದು ಅದರ ಸಲಹೆಗಳಲ್ಲಿ ಸೇರಿವೆ.

ಅಳಿಸಿದ ಜಾಡನ್ನು ರೂಢಿಯ ಬಲದಿಂದ ಪೂರೈಸಿಕೊಳ್ಳುವುದು ಮನುಷ್ಯನ ಪರಂಪರೆ. ಆ ಬಲವನ್ನು ನಂಬಿಯೇ ರಸ್ತೆಯ ನಿರ್ವಹಣೆ ಎಷ್ಟೋ ವೇಳೆ ಸಡಿಲಗೊಂಡಿತ್ತು. ಯಂತ್ರದ ಅಸಾಮರ್ಥ್ಯವು ಈ ಸಡಿಲತೆಯನ್ನು ಬಯಲಿಗೆಳೆದಿದೆ. ಅದಕ್ಕಾಗಿ ಅಗಲಗೊಂಡ ಗೆರೆಯು ಇರುಳಿನಲ್ಲಿ ವಾಹನ ನಡೆಸುವ ವೃದ್ಧರ ಕಣ್ಣಿಗೂ ನೆರವಾಗುತ್ತದೆ. ಆದರೆ ಕೈಬಿಟ್ಟ ಉಬ್ಬುಗಳೊಡನೆ ತೂಕಡಿಸುವವನನ್ನು ಎಚ್ಚರಿಸುತ್ತಿದ್ದ ಸದ್ದೂ ಅಳಿಯುತ್ತದೆ. ಮಾನದಂಡಗಳ ಪರಿಷ್ಕರಣೆಯಲ್ಲಿ ಇವೆರಡನ್ನೂ ತೂಗಿ ನೋಡುವುದು ಅಗತ್ಯ.