ಬಿಭಾ ಎಂಬ ನಕ್ಷತ್ರ, ಸಂತಮಸ ಎಂಬ ಗ್ರಹ



ಕಳೆದ ಮಾರ್ಚ್ ತಿಂಗಳ ಒಂದು ರಾತ್ರಿ ಗುಡವಿಯ ನೆಂಟರ ಮನೆಯಲ್ಲಿ ತಂಗಿದ್ದೆ. ಮಳೆಗಾಲದಲ್ಲಿ ಹಕ್ಕಿಗಳಿಂದ ಗಿಜಿಗುಡುವ ಕೆರೆ ಆಗ ಸದ್ದಿಲ್ಲದೆ ಮಲಗಿತ್ತು. ಊಟ ಮುಗಿಸಿ ಅಂಗಳಕ್ಕೆ ಬರುವಷ್ಟರಲ್ಲಿ ಕರೆಂಟು ಹೋಯಿತು. ಮೊಮ್ಮಗ ಹಕ್ಕಿ ನೋಡಲೆಂದು ತಂದಿದ್ದ ದುರ್ಬೀನನ್ನು ಆಕಾಶಕ್ಕೆ ತಿರುಗಿಸಿ, "ಅಜ್ಜ, ಈ ನಕ್ಷತ್ರಗಳಿಗೂ ಗ್ರಹಗಳಿವೆಯಾ?" ಎಂದು ಕೇಳಿದ. ನಾನು ತಕ್ಷಣ ಉತ್ತರಿಸಲಿಲ್ಲ. ಉತ್ತರ ತಿಳಿಯದೆ ಅಲ್ಲ, ಆ ಪ್ರಶ್ನೆ ನನಗೆ ಹಳೆಯದಾಗಿತ್ತು.

1993ನೆಯ ಇಸವಿ. ಹತ್ತನೆಯ ತರಗತಿಗೆ ಸೌರವ್ಯೂಹದ ಪಾಠ ಮಾಡುತ್ತಿದ್ದೆ. ಒಂಬತ್ತು ಗ್ರಹಗಳ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆದು ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಬೇರೆ ನಕ್ಷತ್ರಗಳಿಗೆ?" ನಾನು, "ಇಲ್ಲ. ಪರೀಕ್ಷೆಗೆ ಬರದ ಪ್ರಶ್ನೆ ಕೇಳಬೇಡ, ಕುಳಿತುಕೋ" ಎಂದೆ. ತರಗತಿ ನಕ್ಕಿತು. ಆಕೆ ಆ ವರ್ಷವಿಡೀ ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಹಿಂದಿನ ವರ್ಷವೇ, ಅಂದರೆ 1992ರಲ್ಲಿ, ಒಂದು ಸತ್ತ ನಕ್ಷತ್ರದ ಸುತ್ತ ಗ್ರಹಗಳಿರುವುದು ಪ್ರಕಟವಾಗಿತ್ತೆಂದು ನನಗೆ ತಿಳಿದದ್ದು ಬಹಳ ಕಾಲದ ನಂತರ. 1995ರಲ್ಲಿ ಸ್ವಿಟ್ಜರ್ಲೆಂಡಿನ ಮಿಷೆಲ್ ಮೇಯರ್ ಮತ್ತು ಡಿಡಿಯೇ ಕ್ವೆಲೊ ಅವರು ಸೂರ್ಯನಂಥದೇ ನಕ್ಷತ್ರವೊಂದಕ್ಕೆ ಗುರುವಿನ ಜಾತಿಯ ಗ್ರಹವಿದೆಯೆಂದು ತೋರಿಸಿದರು. 2019ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇಂಥ ಗ್ರಹಗಳ ಎಣಿಕೆ ಈಗ ಆರು ಸಾವಿರವನ್ನು ದಾಟಿದೆ.

ಅವುಗಳಲ್ಲಿ ಒಂದಕ್ಕೆ ಹೆಸರಿಟ್ಟವರು ನಾವು, ಭಾರತೀಯರು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ತನ್ನ ನೂರನೆಯ ವರ್ಷದ ನೆನಪಿಗೆ 2019ರಲ್ಲಿ ಒಂದೊಂದು ದೇಶಕ್ಕೂ ಒಂದೊಂದು ನಕ್ಷತ್ರವನ್ನೂ ಅದರ ಗ್ರಹವನ್ನೂ ನಾಮಕರಣಕ್ಕಾಗಿ ಕೊಟ್ಟಿತು. ನಮ್ಮ ಪಾಲಿಗೆ ಬಂದದ್ದು ಎಚ್‌ಡಿ 86081 ಎಂಬ ನಕ್ಷತ್ರ. ಸೂರತ್ತಿನ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರ ಸಲಹೆಯಂತೆ ನಕ್ಷತ್ರಕ್ಕೆ 'ಬಿಭಾ' ಎಂದೂ, ಪುಣೆಯ ಹದಿಮೂರು ವರ್ಷದ ಶಾಲಾ ಬಾಲಕನ ಸಲಹೆಯಂತೆ ಗ್ರಹಕ್ಕೆ 'ಸಂತಮಸ' ಎಂದೂ ಹೆಸರಾಯಿತು. ಹದಿಮೂರು ವರ್ಷ! ಆ ಹುಡುಗನಿಗೆ 'ಕುಳಿತುಕೋ' ಎಂದವರು ಯಾರೂ ಇರಲಿಲ್ಲವೆಂದು ತೋರುತ್ತದೆ.

ಸಂತಮಸ ಎಂಬುದು ಅಮರಕೋಶದ ಮಾತು. ಅಮರಸಿಂಹ ಕತ್ತಲೆಯಲ್ಲೂ ಬಗೆಗಳನ್ನು ಎಣಿಸುತ್ತಾನೆ. ದಟ್ಟವಾದದ್ದು ಅಂಧತಮಸ, ತೆಳುವಾದದ್ದು ಅವತಮಸ, ಎಲ್ಲೆಡೆ ವ್ಯಾಪಿಸಿದ್ದು ಸಂತಮಸ. ಗ್ರಹವನ್ನು ಮೋಡ ಮುಸುಕಿರಬಹುದೆಂಬ ಊಹೆಯಿಂದ ಈ ಹೆಸರನ್ನು ಆರಿಸಿದರು. ನಕ್ಷತ್ರದ ಹೆಸರಿಗೆ ಬೆಳಕಿನ ಕಿರಣವೆಂದು ಅರ್ಥ. ನಮ್ಮ ಕಡೆಯ 'ವಿಭಾ' ಬಂಗಾಳಿ ನಾಲಿಗೆಯಲ್ಲಿ 'ಬಿಭಾ' ಆಗುತ್ತದೆ.

ಈ ಗ್ರಹವನ್ನು ಇಂದಿನವರೆಗೆ ಯಾರೂ ಕಣ್ಣಾರೆ ಕಂಡಿಲ್ಲ. 2006ರಲ್ಲಿ ಅಮೆರಿಕದ ವಿಜ್ಞಾನಿಗಳು ಹವಾಯಿ ದ್ವೀಪದ ಕೆಕ್ ದೂರದರ್ಶಕದಿಂದ ನಕ್ಷತ್ರವನ್ನು ಮಾತ್ರ ನೋಡಿ ಇದನ್ನು ಪತ್ತೆ ಮಾಡಿದರು. ಮುಸ್ಸಂಜೆಯಲ್ಲಿ ಗುಡವಿ ಕೆರೆಯ ದಡದಲ್ಲಿ ನಿಂತವರಿಗೆ ಇದು ಸುಲಭವಾಗಿ ಅರ್ಥವಾದೀತು. ಕತ್ತಲಲ್ಲಿ ಹಕ್ಕಿ ಕಾಣುವುದಿಲ್ಲ, ಅದು ಬಂದು ಕುಳಿತ ಕೊಂಬೆ ಬಾಗಿ ತೂಗುವುದು ಕಾಣುತ್ತದೆ. ತೂಗಿದ ಪರಿಯಿಂದಲೇ ಕುಳಿತದ್ದು ಮಿಂಚುಳ್ಳಿಯೋ ಕೊಕ್ಕರೆಯೋ ಹೇಳಬಹುದು. ಹಾಗೆಯೇ ಗ್ರಹದ ಸೆಳೆತಕ್ಕೆ ನಕ್ಷತ್ರವೂ ತುಸು ಅತ್ತಿತ್ತ ಆಡುತ್ತದೆ. ನಮ್ಮತ್ತ ಬರುವಾಗ ಅದರ ಬೆಳಕು ನೀಲಿಯ ಕಡೆಗೂ ಹಿಂದೆ ಸರಿಯುವಾಗ ಕೆಂಪಿನ ಕಡೆಗೂ ಕೂದಲೆಳೆಯಷ್ಟು ಜರುಗುತ್ತದೆ. ಎದುರಾಗಿ ಬರುವ ಬಸ್ಸಿನ ಹಾರನ್ನು ನಮ್ಮನ್ನು ದಾಟಿದ ಕೂಡಲೇ ಸ್ವರ ತಗ್ಗಿಸುತ್ತದಲ್ಲ, ಅದೇ ತತ್ತ್ವ. ಒಂಬತ್ತನೆಯ ತರಗತಿಯಲ್ಲಿ ಇದನ್ನು ಹೇಳಿದ್ದು ಕೆಲವರಿಗಾದರೂ ನೆನಪಿರಬೇಕು. ನಮ್ಮ ಗುರುಗ್ರಹ ಸೂರ್ಯನನ್ನು ಸೆಕೆಂಡಿಗೆ ಸುಮಾರು 12 ಮೀಟರ್ ವೇಗದಲ್ಲಿ ಆಡಿಸಿದರೆ, ಸಂತಮಸ ತನ್ನ ನಕ್ಷತ್ರವನ್ನು 200 ಮೀಟರಿಗೂ ಮಿಗಿಲಾದ ವೇಗದಲ್ಲಿ ಆಡಿಸುತ್ತದೆ.

ಈ ಆಟದ ಲೆಕ್ಕದಿಂದ ತಿಳಿದದ್ದಿಷ್ಟು. ಗ್ರಹದ ದ್ರವ್ಯರಾಶಿ ಗುರುವಿನ ಕನಿಷ್ಠ ಒಂದೂವರೆ ಪಟ್ಟು. ಗುರುವೊಂದೇ 318 ಭೂಮಿಗಳಿಗೆ ಸಮವೆಂಬುದನ್ನು ನೆನೆಯಿರಿ. ಅದು ನಕ್ಷತ್ರದಿಂದ ಇರುವ ದೂರ ಮಾತ್ರ ಸುಮಾರು 50 ಲಕ್ಷ ಕಿಲೋಮೀಟರ್, ಸೂರ್ಯನಿಂದ ಬುಧ ಇರುವ ದೂರದ ಹತ್ತರಲ್ಲೊಂದು ಪಾಲೂ ಇಲ್ಲ. ಒಂದು ಸುತ್ತಿಗೆ ಹಿಡಿಯುವ ಕಾಲ 2.14 ದಿನ. ಸೋಮವಾರ ಬೆಳಿಗ್ಗೆ ಯುಗಾದಿ ಮಾಡಿದರೆ ಬುಧವಾರ ಮಧ್ಯಾಹ್ನದ ಊಟದ ಹೊತ್ತಿಗೆ ಮತ್ತೆ ಯುಗಾದಿ! ಬಿಭಾ ಸೂರ್ಯನಿಗಿಂತ ತುಸು ದೊಡ್ಡದು, ತುಸು ಬಿಸಿ. ಅದರ ಮಗ್ಗುಲಲ್ಲೇ ಇರುವ ಗ್ರಹದ ತಾಪ ಸಾವಿರ ಡಿಗ್ರಿಯನ್ನು ಮೀರಿರಲೇಬೇಕು. ಆ ಕಾವಿನಲ್ಲಿ ನೀರಿನ ಮೋಡಗಳು ನಿಲ್ಲಲಾರವು. ಮೋಡಗಳಿದ್ದರೆ ಅವು ಕಲ್ಲಿನ ಮತ್ತು ಕಬ್ಬಿಣದ ಹನಿಗಳಿಂದ ಆದವು. ಚಂದ್ರ ನಮಗೆ ಒಂದೇ ಮುಖ ತೋರುವಂತೆ ಅದೂ ನಕ್ಷತ್ರಕ್ಕೆ ಒಂದೇ ಮುಖ ತೋರುತ್ತಿರಬೇಕು. ಕಾಲಿಡಲು ನೆಲವಿಲ್ಲ, ಎಲ್ಲವೂ ಅನಿಲ. ಇಂಥ ದೈತ್ಯ ಅಷ್ಟು ಹತ್ತಿರ ಹುಟ್ಟಿರಲಾರದು, ದೂರದಲ್ಲಿ ಹುಟ್ಟಿ ಒಳಕ್ಕೆ ಸರಿದುಬಂದಿರಬೇಕೆಂಬುದು ಹೆಚ್ಚಿನವರ ಮತ. ಗಾತ್ರವನ್ನು ಮಾತ್ರ ಅಳೆಯಲಾಗಿಲ್ಲ. ಗ್ರಹ ನಕ್ಷತ್ರದ ಮುಂದೆ ಹಾದು ಬೆಳಕನ್ನು ಕುಂದಿಸಿದರೆ ಗಾತ್ರ ಸಿಗುತ್ತದೆ. ಕಾದು ನೋಡಿದರೂ ಬೆಳಕು ಕುಂದಲಿಲ್ಲ.

ಇನ್ನು ಆ ಬಿಭಾ ಯಾರೆಂಬ ವಿಚಾರ. ಬಿಭಾ ಚೌಧುರಿ (1913–1991) ಕಲ್ಕತ್ತೆಯ ಭೌತವಿಜ್ಞಾನಿ. 1936ರಲ್ಲಿ ಎಂ.ಎಸ್‌ಸಿ. ಮುಗಿಸಿದಾಗ ತರಗತಿಯಲ್ಲಿದ್ದ ಏಕೈಕ ಹೆಣ್ಣುಮಗಳು. ಡಿ.ಎಂ. ಬೋಸ್ ಅವರೊಡನೆ ಡಾರ್ಜಿಲಿಂಗ್, ಸಂದಕ್‌ಫೂಗಳ ಎತ್ತರದಲ್ಲಿ ಫೋಟೋ ಫಲಕಗಳನ್ನು ಇರಿಸಿ, ವಿಶ್ವಕಿರಣಗಳು ಅವುಗಳ ಮೇಲೆ ಎಳೆದುಹೋದ ಗೀರುಗಳಿಂದ ಮೆಸಾನ್ ಕಣದ ತೂಕವನ್ನು ಅಂದಾಜಿಸಿದರು. ಆ ಲೇಖನಗಳು 'ನೇಚರ್' ಪತ್ರಿಕೆಯಲ್ಲಿ ಬಂದವು. ಉತ್ತಮ ಫಲಕಗಳು ಯುದ್ಧಕಾಲದಲ್ಲಿ ಸಿಗಲಿಲ್ಲ, ಕೆಲಸ ಅರ್ಧಕ್ಕೆ ನಿಂತಿತು. ಇಂಗ್ಲೆಂಡಿನ ಪೊವೆಲ್ ಉತ್ತಮ ಫಲಕಗಳಿಂದ ಅದೇ ದಾರಿಯಲ್ಲಿ ನಡೆದು 1950ರಲ್ಲಿ ನೊಬೆಲ್ ಪಡೆದರು. ಮುಂದೆ ಬಿಭಾ ಅವರು ನಮ್ಮ ಕೋಲಾರದ ಚಿನ್ನದ ಗಣಿಯ ಪ್ರಯೋಗಗಳಲ್ಲಿಯೂ ತೊಡಗಿದರು. ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಿಂದ ಅಲ್ಲಿ ವಿಶ್ವಕಿರಣಗಳನ್ನು ಅಳೆಯುತ್ತಿದ್ದರು. 1965ರಲ್ಲಿ ಎರಡು ಕಿಲೋಮೀಟರಿಗೂ ಆಳದಲ್ಲಿ ನ್ಯೂಟ್ರಿನೊ ಸುಳಿವು ಸಿಕ್ಕಿದ್ದೂ ಅದೇ ಗಣಿಯಲ್ಲಿ. 2001ರಲ್ಲಿ ಗಣಿ ಮುಚ್ಚಿತು. ಇಷ್ಟು ವರ್ಷ ವಿಜ್ಞಾನ ಬೋಧಿಸಿದ ನಾನು ಬಿಭಾ ಅವರ ಹೆಸರನ್ನು ಯಾವ ಪಠ್ಯಪುಸ್ತಕದಲ್ಲೂ ಓದಿಸಲಿಲ್ಲ. 2019ರವರೆಗೆ ನಾನೇ ಕೇಳಿರಲಿಲ್ಲ.

ನಕ್ಷತ್ರವನ್ನು ನೋಡಬಯಸುವವರಿಗೆ: ಮಾರ್ಚ್ ರಾತ್ರಿ ಒಂಬತ್ತರ ಸುಮಾರಿಗೆ ಸಿಂಹರಾಶಿಯ ಮಖಾ ನಕ್ಷತ್ರವನ್ನು ಹುಡುಕಿ. ಅದರ ದಕ್ಷಿಣಕ್ಕೆ ಸೆಕ್ಸ್ಟನ್ಸ್ ಎಂಬ ಮಂಕು ಪುಂಜವಿದೆ. ಬಿಭಾ ಅಲ್ಲಿದೆ. ಬರಿಗಣ್ಣಿಗೆ ಸಿಗದು, ನಕ್ಷೆ, ದುರ್ಬೀನು ಎರಡೂ ಬೇಕು. ದೂರ ಸುಮಾರು 340 ಜ್ಯೋತಿರ್ವರ್ಷ. ಈಗ ತಲುಪುವ ಬೆಳಕು ಹೊರಟಾಗ ನಮ್ಮ ಸೀಮೆಯನ್ನು ಕೆಳದಿಯ ಚೆನ್ನಮ್ಮ ಆಳುತ್ತಿದ್ದಳು.

ಆ ರಾತ್ರಿ ಮೊಮ್ಮಗನಿಗೆ "ಇವೆ" ಎಂದು ಹೇಳಿ, ಇಷ್ಟನ್ನೂ ವಿವರಿಸಿದೆ. ಹುಡುಕಿದೆವು, ಆದರೆ ಅಷ್ಟರಲ್ಲಿ ಕರೆಂಟು ಬಂದು ಬೀದಿದೀಪ ಹೊತ್ತಿಕೊಂಡಿತು. 1993ರ ಬ್ಯಾಚಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ಹಿಂದಿನ ಬೆಂಚಿನ ಆ ಹುಡುಗಿ ಯಾರೆಂಬುದು ನಿಮಗೆ ತಿಳಿದೇ ಇರುತ್ತದೆ. ಮೇಷ್ಟ್ರ ಉತ್ತರ ತಪ್ಪಾಗಿತ್ತೆಂದು ಆಕೆಗೆ ದಯವಿಟ್ಟು ತಿಳಿಸಿ.